ದೊಡ್ಡ ರೋಗ ಮತ್ತು ಹೆಬ್ಬಾಳದ ಪ್ರತಿಕಾಯ

1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹಡಗಿನಲ್ಲಿ ಹೊರಟಿದ್ದ ಹಿಣಿಲಿನ ದನಗಳನ್ನು ನಡುದಾರಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇಳಿಸಿದರು. ಅಲ್ಲಿಂದ ಕಾಯಿಲೆ ಆ ದೇಶದ ಕೊಟ್ಟಿಗೆಗಳಿಗೆ ಹಬ್ಬಿತು. ದನಗಳು ಜ್ವರ ಬಂದು, ಬಾಯೆಲ್ಲ ಹುಣ್ಣಾಗಿ, ಭೇದಿಯಿಂದ ಮೈ ಬತ್ತಿ ಸಾಯತೊಡಗಿದವು. ತೊಲಗಿತೆಂದು ಪಶ್ಚಿಮ ಯುರೋಪು ನೆಮ್ಮದಿಯಿಂದ ನಂಬಿದ್ದ ರಿಂಡರ್‌ಪೆಸ್ಟ್, ಅಂದರೆ ದನಗಳ ಪ್ಲೇಗ್, ಮರಳಿ ಬಂದಿತ್ತು. ಆ ದಿಗಿಲಿನಿಂದಲೇ 1924ರ ಜನವರಿಯಲ್ಲಿ 28 ದೇಶಗಳು ಪ್ಯಾರಿಸ್‌ನಲ್ಲಿ ಒಂದು ಸಂಸ್ಥೆ ಕಟ್ಟಿದವು. ಇಂದಿನ ವಿಶ್ವ ಪಶು ಆರೋಗ್ಯ ಸಂಸ್ಥೆಯ ಹುಟ್ಟು ಅದು.

ಭಾರತದ ದನಗಳ ದೆಸೆಯಿಂದ ಹುಟ್ಟಿದ ಆ ಸಂಸ್ಥೆಯೇ 2006ರ ಮೇ ತಿಂಗಳಲ್ಲಿ, ಭಾರತದಲ್ಲಿ ಈ ರೋಗದ ಸೋಂಕು ಎಲ್ಲೂ ಉಳಿದಿಲ್ಲವೆಂದು ಒಪ್ಪಿಕೊಂಡಿತು. ಈ ಎಂಬತ್ತಾರು ವರ್ಷಗಳ ಕಥೆಯನ್ನು ನಾವು ಸಾಮಾನ್ಯವಾಗಿ ಲಸಿಕೆಯ ಕಥೆಯಾಗಿ ಹೇಳುತ್ತೇವೆ. ಲಸಿಕೆ ಇಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ, ಅದು ನಿಜ. ಆದರೆ ಕೋಟಿಗಟ್ಟಲೆ ದನಗಳಿರುವ ದೇಶದಲ್ಲಿ ರೋಗ ಹೋಯಿತೆಂದು ಹೇಳುವವರು ಯಾರು, ಯಾವ ಆಧಾರದ ಮೇಲೆ? ಆ ಆಧಾರ ಒದಗಿಸಿದ್ದು ಪ್ರಯೋಗಾಲಯದಲ್ಲಿ ತಯಾರಾದ ಪ್ರತಿಕಾಯ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಹೆಬ್ಬಾಳದ ಪಶು ಸಂಸ್ಥೆಗಳಿಗೂ ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಗೂ ನಡುವೆ. ಅದನ್ನು ನಮ್ಮ ಜನ ಅಷ್ಟಾಗಿ ತಿಳಿದಿಲ್ಲ ಎಂಬ ಕೊರಗಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ರಿಂಡರ್‌ಪೆಸ್ಟನ್ನು ದೊಡ್ಡ ರೋಗ ಎನ್ನುತ್ತಿದ್ದರು. ದನ ಮೊದಲು ಮೇವು ಬಿಡುತ್ತಿತ್ತು, ಮೆಲುಕು ನಿಲ್ಲುತ್ತಿತ್ತು. ಕಣ್ಣು ಮೂಗುಗಳಲ್ಲಿ ಸೋರಿಕೆ, ಒಸಡು ನಾಲಗೆಗಳ ಮೇಲೆ ಹುಣ್ಣು, ಬಾಯಿಂದ ಜೊಲ್ಲು. ಆಮೇಲೆ ಕೆಟ್ಟ ನಾತದ ಭೇದಿ. ಜ್ವರ ಹಿಡಿದ ಒಂದೆರಡು ವಾರದೊಳಗೆ ಬಹುಪಾಲು ದನಗಳ ಕಥೆ ಮುಗಿಯುತ್ತಿತ್ತು. ಹಿಂದೆಂದೂ ಈ ರೋಗ ಕಾಣದ ಮಂದೆಗೆ ಬಂದರೆ ನೂರರಲ್ಲಿ ಎಂಬತ್ತು ತೊಂಬತ್ತು ದನ ಸತ್ತ ಉದಾಹರಣೆಗಳಿವೆ. 1890ರ ದಶಕದಲ್ಲಿ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗದ ದನಗಾಹಿ ಸಮುದಾಯಗಳು ಹಸಿವಿನಿಂದ ನೆಲಕಚ್ಚಿದ್ದು ಹೀಗೆಯೇ.

ಮೈಸೂರು ಸೀಮೆಯಲ್ಲಿ ಎತ್ತು ಸತ್ತರೆ ಆರಂಬ ನಿಂತಂತೆ. ಉಳುಮೆಗೆ ಎತ್ತು ಬೇಕು, ಬಾವಿಯ ಕಪಿಲೆಗೆ ಎತ್ತು ಬೇಕು, ಗಾಡಿಗೆ ಬೇಕು, ಗೊಬ್ಬರಕ್ಕೆ ಬೇಕು. ಒಂದು ಜೊತೆ ಹಳ್ಳಿಕಾರ್ ಎತ್ತಿಗಾಗಿ ಮಾಡಿದ ಸಾಲ ತೀರುವ ಮೊದಲೇ ಎತ್ತು ಹೋದರೆ, ಮುಂದಿನ ಮಳೆಗೆ ಹೊಲ ಬೀಳುಬಿದ್ದಂತೆಯೇ ಸರಿ. ಜನ ಮಾರಮ್ಮನಿಗೆ ಹರಕೆ ಹೊತ್ತರು, ಊರ ಗಡಿಯಲ್ಲಿ ಪೂಜೆ ಮಾಡಿದರು, ಬೇರೆ ಊರಿನ ದನ ಒಳಗೆ ಬಾರದಂತೆ ತಡೆದರು. ಕೊನೆಯದರಲ್ಲಿ ದೊಡ್ಡ ವಿವೇಕವಿತ್ತು. ಈ ವೈರಸ್ ಮೈಯಿಂದ ಹೊರಬಿದ್ದರೆ ಬಿಸಿಲಿನಲ್ಲಿ ಬಹಳ ಹೊತ್ತು ಬದುಕುವುದಿಲ್ಲ. ಒಂದು ದನದಿಂದ ಇನ್ನೊಂದಕ್ಕೆ ಹತ್ತಿರದ ಒಡನಾಟದಲ್ಲೇ ದಾಟಬೇಕು. ದನಗಳನ್ನು ದೂರದಿಂದ ಹೊಡೆದುಕೊಂಡು ಬಂದು ದಿನಗಟ್ಟಲೆ ಒಂದೇ ಬಯಲಿನಲ್ಲಿ ಕಟ್ಟುವ ಜಾತ್ರೆಗಳು ಅದಕ್ಕೆ ಅನುಕೂಲವಾಗಿದ್ದವು. ಘಾಟಿ ಸುಬ್ರಹ್ಮಣ್ಯದಂಥ ದನಗಳ ಪರಿಷೆ ರೈತನಿಗೆ ಎಷ್ಟು ಬೇಕಾಗಿತ್ತೋ, ರೋಗದ ಕಾಲದಲ್ಲಿ ಅಷ್ಟೇ ಭಯದ್ದೂ ಆಗಿತ್ತು.

ಬ್ರಿಟಿಷ್ ಸರ್ಕಾರಕ್ಕೆ ಇದರ ಬಿಸಿ ತಟ್ಟಿದ್ದು ಸೈನ್ಯ ಮತ್ತು ಕಂದಾಯದ ಮೂಲಕ. ದನಗಳ ಪ್ಲೇಗ್ ಕುರಿತ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ತೆರೆದ ಬ್ಯಾಕ್ಟೀರಿಯಾ ಪ್ರಯೋಗಾಲಯ ನಾಲ್ಕೇ ವರ್ಷಗಳಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರವಾಯಿತು. ಮಾರಕ ರೋಗದ ಕೆಲಸ ಊರುಕೇರಿಯಿಂದ ದೂರವಿರಲಿ, ತಂಪಿನಲ್ಲಿರಲಿ ಎಂಬುದು ಕಾರಣ. ಅಷ್ಟರಲ್ಲಿ ಜಗತ್ತಿನ ವೈದ್ಯವಿಜ್ಞಾನಕ್ಕೆ ಹೊಸ ಹಾದಿ ಸಿಕ್ಕಿತ್ತು. ರೋಗದಿಂದ ಚೇತರಿಸಿಕೊಂಡ ಪ್ರಾಣಿಯ ರಕ್ತದ ತಿಳಿ, ಅಂದರೆ ಸೀರಂ, ಇನ್ನೊಂದು ಪ್ರಾಣಿಯನ್ನು ಕಾಪಾಡಬಲ್ಲದು ಎಂದು 1890ರಲ್ಲಿ ಬರ್ಲಿನ್‌ನಲ್ಲಿ ಬೆಹ್ರಿಂಗ್ ಮತ್ತು ಕಿತಾಸಾಟೊ ತೋರಿಸಿದ್ದರು. ಆ ಸೀರಂನೊಳಗಿನ ಕಾಪಾಡುವ ಪ್ರೋಟೀನುಗಳೇ ಪ್ರತಿಕಾಯಗಳು. ದಕ್ಷಿಣ ಆಫ್ರಿಕಾದ ರಿಂಡರ್‌ಪೆಸ್ಟ್ ಹಾವಳಿಯಲ್ಲಿ ರಾಬರ್ಟ್ ಕಾಕ್ ಕಿಂಬರ್ಲಿಯಲ್ಲಿ ಸತ್ತ ದನಗಳ ಪಿತ್ತರಸವನ್ನು ಚುಚ್ಚಿ ನೋಡಿದ. ಅವನ ನಂತರ ಕೋಲೆ ಮತ್ತು ಟರ್ನರ್ ಎಂಬಿಬ್ಬರು ಸೀರಂ ಮತ್ತು ರೋಗದ ರಕ್ತ ಎರಡನ್ನೂ ಒಟ್ಟಿಗೆ ಕೊಡುವ ಪದ್ಧತಿ ತಂದರು. ಶತಮಾನ ತಿರುಗುವ ಹೊತ್ತಿಗೆ ಮುಕ್ತೇಶ್ವರದಿಂದ ಸೀರಂ ಬಾಟಲಿಗಳು ದೇಶದ ಮೂಲೆಮೂಲೆಗೆ ಹೊರಟಿದ್ದವು.

ಮುಕ್ತೇಶ್ವರ ಮೈಸೂರಿಗೆ ಬಹಳ ದೂರ. ರೋಗ ಕಾಣಿಸಿದ ಮೇಲೆ ತಂತಿ ಕಳಿಸಿ ಸೀರಂ ತರಿಸುವಷ್ಟರಲ್ಲಿ ಮಂದೆಯೇ ಮುಗಿಯುವ ಸಂಭವ. ಸಂಸ್ಥಾನಕ್ಕೆ ತನ್ನದೇ ತಯಾರಿಕೆ ಬೇಕಿತ್ತು. ಜಾಗವೂ ಸಿದ್ಧವಿತ್ತು: 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಡಳಿತ ಹೆಬ್ಬಾಳದಲ್ಲಿ 30 ಎಕರೆಯ ಪ್ರಾಯೋಗಿಕ ತೋಟಕ್ಕೆ ನೆಲ ಕೊಟ್ಟಾಗಿನಿಂದ ಆ ಕಡೆ ಕೃಷಿ ವಿಜ್ಞಾನದ ಬೇರು ಇಳಿದಿತ್ತು. 1920ರ ದಶಕದ ನಡುಭಾಗದಲ್ಲಿ ಅಲ್ಲಿಯೇ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ತಲೆಯೆತ್ತಿತು. ಅದರ ಮೊದಲ ಉದ್ದೇಶವೇ ದೊಡ್ಡ ರೋಗದ ವಿರುದ್ಧ ಸೀರಂ ತಯಾರಿಸುವುದು.

ಆ ಕೆಲಸ ಹೇಗಿತ್ತೆಂದು ನೆನೆದರೆ ಅದರಲ್ಲಿ ತೊಡಗಿದ್ದವರ ಬಗ್ಗೆ ಗೌರವ ಹೆಚ್ಚುತ್ತದೆ. ರೋಗನಿರೋಧ ಪಡೆದ ದನಕ್ಕೆ ರೋಗಿ ದನದ ರಕ್ತವನ್ನು ಹೆಚ್ಚು ಪ್ರಮಾಣದಲ್ಲಿ ಚುಚ್ಚಬೇಕು. ಅದು ಸಾಯುವುದಿಲ್ಲ, ಬದಲಿಗೆ ಅದರ ಮೈಯಲ್ಲಿ ಪ್ರತಿಕಾಯ ಉಕ್ಕುತ್ತದೆ. ಕೆಲವು ದಿನ ಬಿಟ್ಟು ಕೊರಳಿನ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ತಿಳಿಯನ್ನು ಬೇರ್ಪಡಿಸಿ, ಕೆಡದಂತೆ ಔಷಧ ಬೆರೆಸಿ ಬಾಟಲಿಗೆ ತುಂಬಬೇಕು. ಚುಚ್ಚಲು ಬೇಕಾದ ರೋಗದ ರಕ್ತಕ್ಕಾಗಿ ಯಾವುದಾದರೊಂದು ದನ ಸದಾ ರೋಗದಲ್ಲಿ ನರಳುತ್ತಲೇ ಇರಬೇಕು. ಒಂದು ದನವನ್ನು ಉಳಿಸಲು ಮತ್ತೊಂದರ ಬಲಿ ಬೇಕಾಗಿದ್ದ ಕಾಲ ಅದು.

ಇಷ್ಟೆಲ್ಲ ಮಾಡಿದರೂ ಸೀರಂನ ರಕ್ಷಣೆ ಹೆಚ್ಚೆಂದರೆ ಒಂದೆರಡು ವಾರ. ಎರವಲು ಬಂದ ಪ್ರತಿಕಾಯ ಕರಗಿದ ಕೂಡಲೇ ದನ ಮತ್ತೆ ಬಯಲಿಗೆ ಬಿದ್ದಂತೆ. ಸೀರಂ ಜೊತೆಗೆ ಜೀವಂತ ವೈರಸ್ಸನ್ನೂ ಕೊಟ್ಟರೆ ಬಾಳಿಕೆಯ ರಕ್ಷಣೆ ಬರುತ್ತಿತ್ತು, ಆದರೆ ರೋಗವಿಲ್ಲದ ಊರಿಗೆ ರೋಗವನ್ನು ಕೈಯಾರೆ ಒಯ್ದಂತಾಗುತ್ತಿತ್ತು. ರಕ್ತದೊಂದಿಗೆ ಉಣ್ಣೆ ಜ್ವರದಂಥ ಬೇರೆ ಕಾಯಿಲೆಗಳೂ ದಾಟುತ್ತಿದ್ದವು. ಆದ್ದರಿಂದ ಸೀರಂನ ಯುಗವನ್ನು ಗೆಲುವಿನ ಯುಗವೆಂದು ನಾನು ಕರೆಯಲಾರೆ. ಎದ್ದಲ್ಲಿ ಬೆಂಕಿ ಆರಿಸುವ ಕೆಲಸವಷ್ಟೇ ಅದರಿಂದ ಆಯಿತು.

ತಿರುವು ಬಂದದ್ದು ಮುಕ್ತೇಶ್ವರದಿಂದಲೇ. ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತ ಹೋದರು. ನೂರಾರು ಸಲ ದಾಟಿದ ಮೇಲೆ ಅದು ಮೇಕೆಗೆ ಒಗ್ಗಿಕೊಂಡು ದನಕ್ಕೆ ಸೌಮ್ಯವಾಯಿತು. ಸೀರಂನ ಹಂಗಿಲ್ಲದೆ ಒಂದೇ ಚುಚ್ಚಿನಲ್ಲಿ ನಾಡದನಗಳಿಗೆ ಬಹುಕಾಲದ ರಕ್ಷಣೆ ಸಿಕ್ಕಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಪ್ರತಿವರ್ಷ ಸುಮಾರು 2 ಲಕ್ಷ ದನ ಎಮ್ಮೆಗಳು ಈ ರೋಗಕ್ಕೆ ಬಲಿಯಾಗುತ್ತಿದ್ದವು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಗಿ, ಮೇಕೆ ಲಸಿಕೆ ಹಿಡಿದ ಕಾಂಪೌಂಡರುಗಳು ಹಳ್ಳಿಹಳ್ಳಿ ತಿರುಗಿದರು. ಹತ್ತು ಹನ್ನೆರಡು ವರ್ಷಗಳಲ್ಲಿ ಹಾವಳಿ ಬಹುಪಾಲು ಇಳಿಯಿತು. ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ಬಂದು, ಈ ಕೆಲಸಕ್ಕೆ ಬೇಕಾದ ಡಾಕ್ಟರುಗಳು ಇಲ್ಲೇ ತಯಾರಾಗತೊಡಗಿದರು. ಸೀರಂ ಇನ್‌ಸ್ಟಿಟ್ಯೂಟ್ ಕೂಡ ಲಸಿಕೆಗಳ ಕಡೆ ಹೊರಳಿ, ಕಾಲಾಂತರದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎಂಬ ಹೆಸರು ಪಡೆಯಿತು.

ಇಳಿದ ರೋಗ ಅಳಿಯಲಿಲ್ಲ. ಮೇಕೆ ಲಸಿಕೆ ಜರ್ಸಿ, ಎಚ್‌ಎಫ್ ಮಿಶ್ರತಳಿಗಳಿಗೆ ಖಾರವಾಗುತ್ತಿತ್ತು. ಕ್ಷೀರಕ್ರಾಂತಿಯ ಹೊಸ ಹಸುಗಳಿಗೆ ಬೇರೆ ಲಸಿಕೆ ಬೇಕಾಯಿತು. ಕೀನ್ಯಾದ ಮುಗುಗಾದಲ್ಲಿ ವಾಲ್ಟರ್ ಪ್ಲೋರೈಟ್ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿ ಸೌಮ್ಯಗೊಳಿಸಿದ ವೈರಸ್ ಆ ಕೊರತೆ ತುಂಬಿತು. ಅಷ್ಟಾಗಿಯೂ ದಕ್ಷಿಣದ ರಾಜ್ಯಗಳಲ್ಲಿ, ಮಹಾರಾಷ್ಟ್ರದಿಂದ ತಮಿಳುನಾಡಿನವರೆಗೆ, ಸಂತೆಗೆ ಹೋಗುವ ದನಗಳ ಹಿಂದೆಯೇ ರೋಗ ಸುತ್ತುತ್ತಿತ್ತು. ಪ್ರತಿವರ್ಷ ಕೋಟಿಗಟ್ಟಲೆ ಲಸಿಕೆ ಹಾಕಿದ್ದಾಗಿ ವರದಿ. ಪ್ರತಿವರ್ಷ ಅಲ್ಲಿಷ್ಟು ಇಲ್ಲಿಷ್ಟು ರೋಗ. ಎಲ್ಲಿ ಲಸಿಕೆ ನಿಜವಾಗಿ ಹಿಡಿದಿದೆ, ಎಲ್ಲಿ ಬಿಸಿಲಿಗೆ ಕೆಟ್ಟ ಲಸಿಕೆ ಚುಚ್ಚಿ ಬಂದಿದ್ದಾರೆ ಎಂದು ತಿಳಿಯುವ ದಾರಿ ಇರಲಿಲ್ಲ. ಕಂಡ ರೋಗ ಇದೇನಾ, ಬೇರೆಯದಾ ಎಂಬುದೂ ಎಷ್ಟೋ ಕಡೆ ಊಹೆಯೇ.

ಆ ಊಹೆ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದನ್ನು 1987 ತೋರಿಸಿತು. ತಮಿಳುನಾಡಿನ ವಿಲ್ಲುಪುರಂ ಬಳಿಯ ಅರಸೂರಿನಲ್ಲಿ ಕುರಿಗಳು ದೊಡ್ಡ ರೋಗದ ಲಕ್ಷಣಗಳಿಂದಲೇ ಸಾಯುತ್ತಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಸಂಗಡಿಗರು ಪರೀಕ್ಷಿಸಿ, ಇದು ರಿಂಡರ್‌ಪೆಸ್ಟ್ ಅಲ್ಲ, ಅದರ ದಾಯಾದಿಯಾದ ಪಿಪಿಆರ್ ಎಂಬ ಕುರಿ ಮೇಕೆಗಳ ಪ್ಲೇಗ್ ಎಂದು 1989ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಆ ರೋಗ ದಾಖಲಾದದ್ದು ಅದೇ ಮೊದಲು. ಅದು ಆಗ ತಾನೇ ಹೊರಗಿಂದ ಬಂದಿತ್ತೇ, ಅಥವಾ ದಶಕಗಳಿಂದ ಇಲ್ಲೇ ಇದ್ದು ದೊಡ್ಡ ರೋಗದ ಲೆಕ್ಕಕ್ಕೆ ಸೇರಿಹೋಗುತ್ತಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಮಾತಿದೆ. ಕುರಿ ಮೇಕೆಗಳು ರಿಂಡರ್‌ಪೆಸ್ಟ್‌ನ ಬಚ್ಚಿಟ್ಟ ನೆಲೆಯೇ ಎಂಬ ಇನ್ನೊಂದು ವಾದಕ್ಕೂ ಇದು ತಳುಕು ಹಾಕಿಕೊಂಡಿತ್ತು. ವಾದ ಏನೇ ಇರಲಿ, ಆಡಳಿತಕ್ಕೆ ಅದರಿಂದ ಬಂದ ತೊಂದರೆ ನೇರವಾದದ್ದು. ಮೇಕೆ ಸತ್ತ ಊರಿನಲ್ಲಿ ದನಕ್ಕೆ ಲಸಿಕೆ ಹಾಕಬೇಕೇ ಬೇಡವೇ? ಇವೆರಡು ವೈರಸ್‌ಗಳನ್ನು ಬೇರ್ಪಡಿಸಿ ಹೇಳುವ ಪರೀಕ್ಷೆ ಇಲ್ಲದೆ ಉತ್ತರವಿಲ್ಲ.

ಅಂಥ ಪರೀಕ್ಷೆಗೆ ಬೇಕಾದ ಸಾಧನ ಅಷ್ಟರಲ್ಲಿ ಜಗತ್ತಿನ ಕೈಗೆ ಬಂದಿತ್ತು. ದನದ ಸೀರಂನಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ವೈರಸ್ಸಿನ ಒಂದೇ ಪ್ರೋಟೀನಿನ ಒಂದೇ ತಾಣವನ್ನು ಗುರುತಿಸುವ ಒಂದೇ ಬಗೆಯ ಪ್ರತಿಕಾಯ ಬೇಕೆಂದರೆ ಆ ಬೆರಕೆಯಿಂದ ಸಿಗದು. 1975ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್, ಇಲಿಯ ಗುಲ್ಮದಿಂದ ಪ್ರತಿಕಾಯ ತಯಾರಿಸುವ ಜೀವಕೋಶವನ್ನು ತೆಗೆದು, ಎಂದೂ ಸಾಯದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಆ ಜೋಡಿಕೋಶದ ಸಂತತಿಯೆಲ್ಲ ಒಂದೇ ಪ್ರತಿಕಾಯವನ್ನು ಎಷ್ಟು ಬೇಕಾದರೂ ಸುರಿಸುತ್ತದೆ. ಇದೇ ಮೊನೊಕ್ಲೋನಲ್ ಪ್ರತಿಕಾಯ. ಈ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡಿರಲಿಲ್ಲ; ಬೆಂಗಳೂರಿನಂಥ ಊರಿನ ಪ್ರಯೋಗಾಲಯಗಳಿಗೂ ಬಾಗಿಲು ತೆರೆದದ್ದರಲ್ಲಿ ಆ ಸಂಗತಿಯ ಪಾಲೂ ಇದೆ ಎಂದು ನನ್ನ ನಂಬಿಕೆ. 1984ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

ಯಾವ ಪ್ರೋಟೀನನ್ನು ಹುಡುಕಬೇಕು ಎಂಬುದು ಮುಂದಿನ ಪ್ರಶ್ನೆ. ದೊಡ್ಡ ರೋಗದ ವೈರಸ್ ಮನುಷ್ಯರ ದಡಾರ ವೈರಸ್ಸಿನ ಹತ್ತಿರದ ನೆಂಟ. ಇವೆರಡೂ ಯಾವಾಗ ಕವಲೊಡೆದವು ಎಂಬುದರಲ್ಲಿ ಒಮ್ಮತವಿಲ್ಲ. 11-12ನೇ ಶತಮಾನ ಎಂದು 2010ರ ಒಂದು ಅಧ್ಯಯನ ಹೇಳಿದರೆ, ಬರ್ಲಿನ್‌ನಲ್ಲಿ 1912ರಿಂದ ಕಾದಿರಿಸಿದ್ದ ಶ್ವಾಸಕೋಶದ ತುಣುಕನ್ನು ಆಧರಿಸಿದ 2020ರ ಅಧ್ಯಯನ ಅದನ್ನು ಕ್ರಿಸ್ತಪೂರ್ವ 6ನೇ ಶತಮಾನದವರೆಗೂ ಒಯ್ದಿದೆ. ಎರಡರ ಮೈಮೇಲೂ ಎಚ್ ಪ್ರೋಟೀನ್ ಇದೆ. ವೈರಸ್ ದನದ ಜೀವಕೋಶಕ್ಕೆ ಅಂಟಿಕೊಳ್ಳುವುದು ಇದರಿಂದಲೇ. ಅಂಟಿಕೊಳ್ಳುವುದು ಎಲ್ಲಿಗೆ ಎಂಬುದನ್ನು ಜಪಾನಿನ ಕ್ಯುಷು ವಿಶ್ವವಿದ್ಯಾಲಯದ ಯಾನಗಿ ತಂಡ 2001ರಲ್ಲಿ ಕಂಡುಹಿಡಿಯಿತು. ರಕ್ಷಣಾಪಡೆಯ ಜೀವಕೋಶಗಳು ಒಂದಕ್ಕೊಂದು ಸಂಕೇತ ಕಳಿಸಲು ಬಳಸುವ ಸ್ಲ್ಯಾಮ್ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ಸೋಂಕಿನ ವಿರುದ್ಧ ಎಚ್ಚರಿಸಬೇಕಾದ ಸಂಕೇತದ ಬಾಗಿಲಿನಿಂದಲೇ ವೈರಸ್ ಒಳನುಗ್ಗುತ್ತಿತ್ತು. ದನದ ರೋಗನಿರೋಧವೇ ಮೊದಲು ಕುಸಿದು, ಸಾವು ಅಷ್ಟು ಬೇಗ ಬರುತ್ತಿದ್ದುದು ಏಕೆ ಎಂಬುದು ಇದರಿಂದ ಬಹುಮಟ್ಟಿಗೆ ತಿಳಿಯಿತು. ಬದುಕುಳಿದ ದನ ಈ ಎಚ್ ಪ್ರೋಟೀನಿನ ವಿರುದ್ಧವೇ ಬಲವಾದ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿರಲಿಲ್ಲ.

ಇಂಗ್ಲೆಂಡಿನ ಪಿರ್‌ಬ್ರೈಟ್‌ನಲ್ಲಿ ಜಾನ್ ಆಂಡರ್‌ಸನ್ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲಿ ಎಚ್ ಪ್ರೋಟೀನಿನ ಮೊನೊಕ್ಲೋನಲ್ ಪ್ರತಿಕಾಯ ಬಳಸಿ ಸ್ಪರ್ಧಾತ್ಮಕ ಎಲಿಸಾ ಪರೀಕ್ಷೆ ರೂಪಿಸಿದರು. ಅದರ ಉಪಾಯ ಹೀಗಿದೆ. ಪ್ಲಾಸ್ಟಿಕ್ ತಟ್ಟೆಯ 96 ಗುಣಿಗಳ ತಳಕ್ಕೆ ವೈರಸ್ ಪ್ರೋಟೀನ್ ಲೇಪಿಸಿ, ಅದರ ಮೇಲೆ ಹಳ್ಳಿಯಿಂದ ಬಂದ ದನದ ಸೀರಂ ಮತ್ತು ಇಲಿಯ ಮೊನೊಕ್ಲೋನಲ್ ಪ್ರತಿಕಾಯ ಎರಡನ್ನೂ ಹಾಕುತ್ತಾರೆ. ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ ಹಾಕಿದವರಿದ್ದರೆ ಆಮೇಲೆ ಹತ್ತಿದವರು ನಿಂತೇ ಹೋಗಬೇಕಲ್ಲ, ಹಾಗೆ ದನದ ಸೀರಂನಲ್ಲಿ ಪ್ರತಿಕಾಯವಿದ್ದರೆ ಆ ತಾಣವನ್ನು ಅದೇ ಹಿಡಿದುಕೊಳ್ಳುತ್ತದೆ, ಇಲಿಯದಕ್ಕೆ ಜಾಗ ಸಿಗದು. ತೊಳೆದ ಮೇಲೆ, ಇಲಿಯ ಪ್ರತಿಕಾಯವನ್ನು ಮಾತ್ರ ಹಿಡಿಯುವ, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯ ಸೇರಿಸಿ, ಆ ಕಿಣ್ವದಿಂದ ಬಣ್ಣ ಏಳುವ ದ್ರವ ಹಾಕುತ್ತಾರೆ. ಬಣ್ಣ ಬಂದರೆ ಆ ದನ ವೈರಸ್ಸನ್ನೂ ಲಸಿಕೆಯನ್ನೂ ಎಂದೂ ಕಂಡಿಲ್ಲ. ಬಣ್ಣ ಏಳದಿದ್ದರೆ ಕಂಡಿದೆ. ಪಿಪಿಆರ್ ಪ್ರತಿಕಾಯ ಇಲ್ಲಿ ತಲೆ ಹಾಕದಂತೆ, ರಿಂಡರ್‌ಪೆಸ್ಟ್‌ಗೆ ಮಾತ್ರ ವಿಶಿಷ್ಟವಾದ ತಾಣವನ್ನು ಆರಿಸಿಕೊಳ್ಳುವುದೇ ಮೊನೊಕ್ಲೋನಲ್‌ನ ಹೆಚ್ಚುಗಾರಿಕೆ.

ಈ ಪರೀಕ್ಷೆಯೊಂದಿಗೆ ಹೆಬ್ಬಾಳದ ನೆಲದ ಮೇಲೂ ಪ್ರತಿಕಾಯದ ಪಾತ್ರವೇ ಬದಲಾಯಿತು. ಅದಕ್ಕೂ ಎಪ್ಪತ್ತು ವರ್ಷ ಹಿಂದೆ ಅದು ಔಷಧವಾಗಿತ್ತು, ಈಗ ಸಾಕ್ಷಿಯಾಯಿತು.

ಸಾಕ್ಷಿಯ ಅಗತ್ಯ ಬಿದ್ದದ್ದು 1992ರಲ್ಲಿ. ಯುರೋಪಿಯನ್ ಸಮುದಾಯದ ನೆರವಿನಿಂದ ರಾಷ್ಟ್ರೀಯ ರಿಂಡರ್‌ಪೆಸ್ಟ್ ನಿರ್ಮೂಲನ ಯೋಜನೆ ಹೊಸ ರೂಪದಲ್ಲಿ ಆರಂಭವಾಯಿತು. ದೇಶವನ್ನು ವಲಯಗಳಾಗಿ ಹಂಚಿದರು, ರೋಗ ಬೇರೂರಿದ್ದ ದಕ್ಷಿಣದ ರಾಜ್ಯಗಳಲ್ಲಿ ಲಸಿಕೆಯನ್ನು ಬಿಗಿಗೊಳಿಸಿದರು. ಪಶು ಆಸ್ಪತ್ರೆಗಳ ದಿನವಹಿ ಪುಸ್ತಕಗಳನ್ನು ತಿರುವಿಹಾಕಿದರು, ಹಳ್ಳಿ ಹಳ್ಳಿ ಕೇಳಿದರು, ದನ ಸಾಗುವ ದಾರಿಗಳ ಮೇಲೆ ಕಣ್ಣಿಟ್ಟರು. 1995ರಲ್ಲಿ ತಮಿಳುನಾಡಿನ ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ಕಾಣಿಸಿದ ರೋಗವೇ ಭಾರತದ ಕೊನೆಯ ರಿಂಡರ್‌ಪೆಸ್ಟ್.

ಕೊನೆಯದು ಎಂದು ಈಗ ಹೇಳುತ್ತೇವೆ. ಆಗ ಅದು ಯಾರಿಗೂ ತಿಳಿದಿರಲಿಲ್ಲ. ಮುಂದಿನ ಹೆಜ್ಜೆಗೆ ಬೇಕಾದ ಎದೆಗಾರಿಕೆ ಎಷ್ಟೆಂದರೆ, ಇಡೀ ಇತಿಹಾಸದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅದೇ: ಲಸಿಕೆಯನ್ನು ನಿಲ್ಲಿಸುವುದು. ಪ್ಲೋರೈಟ್ ಲಸಿಕೆ ಹಾಕಿಸಿಕೊಂಡ ದನದ ಪ್ರತಿಕಾಯಕ್ಕೂ ರೋಗ ಬಂದು ಬದುಕಿದ ದನದ ಪ್ರತಿಕಾಯಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಲಸಿಕೆ ಹಾಕುತ್ತಲೇ ಇದ್ದರೆ ಎಲಿಸಾ ತಟ್ಟೆಯಲ್ಲಿ ಎಲ್ಲ ದನವೂ ವೈರಸ್ ಕಂಡ ದನವೇ. ಸಾಕ್ಷಿ ಮಾತಾಡಬೇಕಾದರೆ ಲಸಿಕೆ ನಿಲ್ಲಬೇಕು. ನಿಲ್ಲಿಸಿದ ಮೇಲೆ ವೈರಸ್ ಎಲ್ಲೋ ಒಂದು ಕಡೆ ಉಳಿದಿದ್ದರೆ, ರಕ್ಷಣೆಯಿಲ್ಲದ ಹೊಸ ಪೀಳಿಗೆಯ ದನಗಳ ಮೇಲೆ ಕಾಡ್ಗಿಚ್ಚಾಗುತ್ತದೆ. ನಲವತ್ತು ವರ್ಷ ಲಸಿಕೆ ಹಾಕಿ ಹೆಸರು ಮಾಡಿದ ಇಲಾಖೆಗಳು ಇದಕ್ಕೆ ಸುಲಭವಾಗಿ ಒಪ್ಪುವಂತಿರಲಿಲ್ಲ. ಆದರೂ ವಲಯದ ನಂತರ ವಲಯದಲ್ಲಿ ಲಸಿಕೆ ನಿಂತಿತು.

ಆಮೇಲೆ ರಕ್ತದ ಸರದಿ. ಯಾವ ದನದ್ದು? ಲಸಿಕೆ ನಿಂತ ಮೇಲೆ ಹುಟ್ಟಿದ್ದು. ಜನನ ಪತ್ರವಿಲ್ಲದ ದನದ ವಯಸ್ಸನ್ನು ರೈತನಂತೆಯೇ ಪಶುವೈದ್ಯನೂ ಬಾಯಿ ಬಿಡಿಸಿ ನೋಡಬೇಕು: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ. ತೀರ ಎಳೆಯ ಕರುವೂ ಆಗದು. ಲಸಿಕೆ ಪಡೆದ ತಾಯಿಯ ಗಿಣ್ಣು ಹಾಲಿನೊಂದಿಗೆ ಪ್ರತಿಕಾಯವೂ ಕರುವಿಗೆ ಇಳಿದು ತಿಂಗಳುಗಟ್ಟಲೆ ಉಳಿಯುತ್ತದೆ. ಎಲಿಸಾ ಅದನ್ನು ಸೋಂಕೆಂದೇ ಓದುತ್ತದೆ. ಎಷ್ಟು ದನದ್ದು ಎಂಬುದಕ್ಕೆ ಸಂಖ್ಯಾಶಾಸ್ತ್ರ ಬೇಕು. ದೊಡ್ಡ ಸಂಖ್ಯೆಯ ದನಗಳಲ್ಲಿ ನೂರಕ್ಕೆ ಒಂದು ಸೋಂಕಿತವಾಗಿದ್ದರೂ ಅದು 95 ಪಾಲು ಖಚಿತವಾಗಿ ಸಿಕ್ಕಿಬೀಳಬೇಕಾದರೆ ಸುಮಾರು 300 ಮಾದರಿ ತೆಗೆಯಬೇಕು, ಅದೂ ರಸ್ತೆ ಬದಿಯ ಅನುಕೂಲದ ಊರುಗಳಿಂದಲ್ಲ, ಚೀಟಿ ಎತ್ತಿ ಬಂದ ಊರಿನಿಂದ. ಇನ್ನೊಂದು ಸಿಕ್ಕು ಪರೀಕ್ಷೆಯದೇ. ಸಾವಿರಕ್ಕೆ ಐದು ಸಲ ಮಾತ್ರ ತಪ್ಪಾಗಿ ಸೋಂಕೆನ್ನುವ ಒಳ್ಳೆಯ ಪರೀಕ್ಷೆಯೂ 1 ಲಕ್ಷ ಮಾದರಿಯಲ್ಲಿ 500 ಆರೋಗ್ಯವಂತ ದನಗಳ ಮೇಲೆ ಸುಳ್ಳು ದೂರು ಹೊರಿಸುತ್ತದೆ. ಆ ಒಂದೊಂದು ದೂರಿಗೂ ಮತ್ತೆ ಆ ಊರಿಗೆ ಹೋಗಿ, ಆ ಮಂದೆ ಹುಡುಕಿ, ಮತ್ತೆ ರಕ್ತ ತೆಗೆಯಬೇಕು.

ಈ ಬಗೆಯ ಲೆಕ್ಕಕ್ಕೆಂದೇ ಒಂದು ಸಂಸ್ಥೆ ಹೆಬ್ಬಾಳದಲ್ಲಿತ್ತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1987ರಲ್ಲಿ ಆರಂಭಿಸಿದ ಪಶುರೋಗ ನಿಗಾ ಮತ್ತು ಸಮೀಕ್ಷೆಯ ಸಮನ್ವಿತ ಯೋಜನೆ ಅದು. 2000ದಲ್ಲಿ ಯೋಜನಾ ನಿರ್ದೇಶನಾಲಯವಾಯಿತು. ಆಡ್‌ಮಾಸ್ ಎಂದೇ ಎಲ್ಲರ ಬಾಯಲ್ಲಿ. ಅಲ್ಲಿಂದ ವಿಜ್ಞಾನ ಸಂಸ್ಥೆಗೆ ಮೇಖ್ರಿ ವೃತ್ತ ದಾಟಿದರೆ ಆಯಿತು. ಒಂದು ಕಡೆ ದೇಶದ ಕೊಟ್ಟಿಗೆಗಳ ಸೀರಂ, ಇನ್ನೊಂದು ಕಡೆ ವೈರಸ್ಸಿನ ವಂಶವಾಹಿಯನ್ನು ಬಲ್ಲ ಪ್ರಯೋಗಾಲಯ. ಇವೆರಡರ ಕೂಡುಕೆಲಸದಿಂದ ಬಂದದ್ದು ಇಲ್ಲಿಯದೇ ಆದ ಎಲಿಸಾ.

ಇದರಲ್ಲಿ ಎರಡು ಹೊಸತುಗಳಿದ್ದವು. ತಟ್ಟೆಗೆ ಲೇಪಿಸುವ ಎಚ್ ಪ್ರೋಟೀನನ್ನು ಜೀವಂತ ದೊಡ್ಡ ರೋಗದ ವೈರಸ್ ಬೆಳೆಸಿ ತೆಗೆಯಲಿಲ್ಲ. ಆ ಪ್ರೋಟೀನಿನ ವಂಶವಾಹಿಯನ್ನು ಕೀಟಗಳಿಗೆ ತಗಲುವ ಬ್ಯಾಕುಲೊವೈರಸ್ಸಿಗೆ ಸೇರಿಸಿ, ಕೀಟದ ಜೀವಕೋಶಗಳಲ್ಲಿ ತಯಾರಿಸಿದರು. ಎಸ್. ನಾಯಕ್, ರೇಣುಕಾರಾಧ್ಯ, ರಾಜಶೇಖರ್ ಮತ್ತು ಶೈಲಾ 1997ರಲ್ಲೇ ಈ ಪ್ರೋಟೀನಿನ ರೋಗನಿರೋಧಕ ಗುಣದ ಬಗ್ಗೆ ಬರೆದಿದ್ದರು. ಎರಡನೆಯದು, ಅದೇ ಎಚ್ ಅನ್ನು ಗುರುತಿಸುವ ಮೊನೊಕ್ಲೋನಲ್ ಪ್ರತಿಕಾಯವನ್ನು ಇಲ್ಲೇ ಬೆಳೆಸಿದ್ದು. ಜಿ. ಜೆ. ರೇಣುಕಾರಾಧ್ಯ, ಕೆ. ಬಿ. ಸುರೇಶ್, ಎಂ. ರಾಜಶೇಖರ್, ಎಂ. ಎಸ್. ಶೈಲಾ ಈ ನಾಲ್ವರ ಹೆಸರಿನಲ್ಲಿ 2003ರಲ್ಲಿ ಅಮೆರಿಕದ ಸೂಕ್ಷ್ಮಜೀವಿವಿಜ್ಞಾನ ಪತ್ರಿಕೆಯೊಂದರಲ್ಲಿ ಆ ಪರೀಕ್ಷೆ ಪ್ರಕಟವಾಯಿತು.

ವೈರಸ್ ಬೇಡದ ಪರೀಕ್ಷೆ ಎಂಬುದರ ಬೆಲೆ ಬರಬರುತ್ತ ಹೆಚ್ಚಿತು. ರೋಗ ಅಳಿದ ದೇಶದಲ್ಲಿ ರೋಗವನ್ನು ಹುಡುಕಲೆಂದು ಆ ವೈರಸ್ಸನ್ನೇ ಶೀಶೆಯಲ್ಲಿ ಸಾಕುವುದು ಅಪಾಯ. ಪರದೇಶದ ಕಿಟ್‌ಗೆ ಕಾಯುವ, ಡಾಲರು ಪೌಂಡು ಹೊಂದಿಸುವ ತೊಡಕು ಬೇರೆ. ಹಾಗೆಂದು ದೇಶದ ಮುಕ್ತಿಯ ಶ್ರೇಯಸ್ಸನ್ನೆಲ್ಲ ಇಲ್ಲಿಯ ಈ ಒಂದು ಕಿಟ್‌ಗೇ ಕಟ್ಟುವುದು ಸರಿಯಲ್ಲ. ಆಮದು ಕಿಟ್‌ಗಳೂ, ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆ ಕೂಡಿ ಎಲಿಸಾ ವಿಧಾನಕ್ಕೆ ಕೊಟ್ಟ ಒತ್ತಾಸೆಯೂ, ಮುಕ್ತೇಶ್ವರದವರ ಕೆಲಸವೂ, ಹೆಸರೇ ಉಳಿಯದ ಸಾವಿರಾರು ಪಶುವೈದ್ಯರ ದುಡಿಮೆಯೂ ಅದರಲ್ಲಿವೆ. ಆದರೆ ಕೈಗೆ ಬಂದ ಪರೀಕ್ಷೆ ಬಳಸುವವರಾಗಿ ಮಾತ್ರ ಉಳಿಯದೆ, ತಾವೇ ತಯಾರಿಸಬಲ್ಲೆವೆಂದು ಈ ಊರಿನವರು ತೋರಿಸಿದರು. ಅದಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

2004ರ ಮೇ ತಿಂಗಳಲ್ಲಿ ಭಾರತ ರೋಗಮುಕ್ತವೆಂದೂ, 2006ರ ಮೇನಲ್ಲಿ ಸೋಂಕುಮುಕ್ತವೆಂದೂ ಪ್ಯಾರಿಸ್ ಒಪ್ಪಿತು. ಜಗತ್ತಿನ ಕೊನೆಯ ಪ್ರಕರಣ ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ 2001ರಲ್ಲೇ ಕಂಡಿತ್ತು. 2011ರ ಜೂನ್ 28ರಂದು ರೋಮ್‌ನಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಭೂಮಿಯ ಮೇಲೆ ರಿಂಡರ್‌ಪೆಸ್ಟ್ ಇಲ್ಲವೆಂದು ಸಾರಿತು. ಸಿಡುಬಿನ ನಂತರ ಮನುಷ್ಯ ಪ್ರಯತ್ನದಿಂದ ಅಳಿದ ಎರಡನೇ ರೋಗ ಇದು. 2019ರಲ್ಲಿ ಪಿರ್‌ಬ್ರೈಟ್ ತನ್ನಲ್ಲಿದ್ದ ವೈರಸ್ ದಾಸ್ತಾನನ್ನೂ ನಾಶಪಡಿಸಿತು.

ಇದರ ನಡುವೆ ವಿಜ್ಞಾನ ಸಂಸ್ಥೆಯಲ್ಲಿ ಶೈಲಾ, ಲಕ್ಷ್ಮೀ ಸೀತಾ ಮತ್ತು ಖಂಡೇಲ್ವಾಲ್ ಎಚ್ ಪ್ರೋಟೀನನ್ನು ಕಡಲೆಕಾಯಿ ಗಿಡದಲ್ಲಿ ಬೆಳೆಸಿ, ಅದರ ಎಲೆಯನ್ನು ದನಗಳಿಗೆ ತಿನ್ನಿಸಿ ಪ್ರತಿಕಾಯ ಮೂಡುವುದನ್ನು ತೋರಿಸಿದ್ದರು. ಸೂಜಿಯಿಲ್ಲದ, ತಂಪುಪೆಟ್ಟಿಗೆ ಬೇಡದ, ಮೇವಿನಲ್ಲೇ ಬರುವ ಲಸಿಕೆಯ ಕನಸು ಅದು. ಅದು ಹೊಲಕ್ಕೆ ಇಳಿಯುವ ಮೊದಲೇ ರೋಗ ಹೋಯಿತು. ಹೋದದ್ದು ಒಳ್ಳೆಯದೇ, ಆದರೆ ಆ ವಿಚಾರ ಮೂಲೆಗೆ ಸೇರಬಾರದಿತ್ತು.

ಆಡ್‌ಮಾಸ್ 2013ರಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯಾಗಿ ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ನೆಲೆಸಿದೆ. ದೊಡ್ಡ ರೋಗ ಕಲಿಸಿದ ಪಾಠಗಳ ಮೇಲೆಯೇ ಅಲ್ಲಿನ ಇಂದಿನ ಸಮೀಕ್ಷೆಗಳು ನಿಂತಿವೆ. ಈಗಿನ ಎದುರಾಳಿ ಅಂದು ಅರಸೂರಿನಲ್ಲಿ ಪತ್ತೆಯಾದ ಪಿಪಿಆರ್. 2030ರೊಳಗೆ ಅದನ್ನೂ ಜಗತ್ತಿನಿಂದ ಅಳಿಸಬೇಕೆಂದು ಅಂತರರಾಷ್ಟ್ರೀಯ ಗುರಿ ಇದೆ. ಗುರುತಿಸಲು ಮೊನೊಕ್ಲೋನಲ್ ಪ್ರತಿಕಾಯವಿದೆ, ಲಸಿಕೆಯೂ ಇದೆ. ಆದರೆ ಕುರಿ ಮೇಕೆಗಳ ಆಯುಸ್ಸು ಚಿಕ್ಕದು, ಮರಿಗಳು ಬೇಗ ಬೇಗ ಹುಟ್ಟುತ್ತವೆ, ಮಂದೆಗಳು ಬೇಸಿಗೆಯಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ನಡೆಯುತ್ತವೆ. ಲೆಕ್ಕ ದನಗಳದ್ದಕ್ಕಿಂತ ಕಷ್ಟದ್ದು.

ಕುರಿ ಕಾಯುವ ಅಣ್ಣತಮ್ಮಂದಿರಲ್ಲಿ ನನ್ನದೊಂದು ಬಿನ್ನಹ. ದನದ ಡಾಕ್ಟರು ಸಿರಿಂಜು ಹಿಡಿದು ಹಟ್ಟಿಗೆ ಬಂದಾಗ, ಕಾಯಿಲೆಯೇ ಇಲ್ಲದ ಕುರಿಯ ರಕ್ತ ಏಕೆಂದು ಸಿಟ್ಟಾಗಬೇಡಿ. ಕಾಯಿಲೆ ಇಲ್ಲವೆಂಬುದಕ್ಕೆ ಆ ಎರಡು ಹನಿಯೇ ಪುರಾವೆ. ಮರಿಯನ್ನು ಹಿಡಿದು ಕೊಡಿ. ಸರ್ಕಾರವೂ ತೆಗೆದ ರಕ್ತದ ಫಲಿತಾಂಶವನ್ನು ಕಡತದಲ್ಲಿ ಇಟ್ಟು ಸುಮ್ಮನಾಗದೆ, ಅದೇ ಹಟ್ಟಿಗೆ ಮರಳಿ ತಂದು ಹೇಳಲಿ.